ಹತ್ತು ಜನ, ಒಂದೇ ಒಲೆ: ಕಾಡಿನ ಕ್ಯಾಬಿನ್‌ನಲ್ಲಿ ಮೊದಲ ಗಂಟೆ

ಪ್ರಶ್ನೆ: ನಾವು ಹತ್ತು ಜನ ಸೇರಿ ಬೆಟ್ಟದ ಕಾಡಿನೊಳಗಿನ ಮರದ ಕ್ಯಾಬಿನ್ ಒಂದನ್ನು ಮೂರು ರಾತ್ರಿಗೆ ಬುಕ್ ಮಾಡಿದ್ದೇವೆ. ರಸ್ತೆ ಮುಗಿದ ಮೇಲೆ 6 ಕಿಲೋಮೀಟರ್ ನಡೆಯಬೇಕು. ಕರೆಂಟ್ ಇಲ್ಲ, ನಲ್ಲಿ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಸೌದೆ ಒಲೆ, ಎರಡಂತಸ್ತಿನ ಹಲಗೆ ಮಂಚ, ಹೊರಗೆ ಗುಂಡಿ ಕಕ್ಕಸು ಇದೆಯಂತೆ. ರಾತ್ರಿ ಚಳಿ ಸೊನ್ನೆ ಡಿಗ್ರಿ ಹತ್ತಿರ ಇಳಿಯುತ್ತದೆ. ನಮ್ಮಲ್ಲಿ ಇಬ್ಬರಿಗೆ ಮಾತ್ರ ಇಂಥ ಕಡೆ ಉಳಿದು ಅಭ್ಯಾಸ. ಎಂಟು ವರ್ಷದ ಹುಡುಗನೂ ಬರುತ್ತಿದ್ದಾನೆ. ಏನೇನು ಒಯ್ಯಬೇಕು ಅನ್ನೋ ಪಟ್ಟಿ ಬೇಕಾದಷ್ಟು ಸಿಕ್ಕಿವೆ. ಅಲ್ಲಿ ಹೋದ ಮೇಲೆ ಏನು ಮಾಡಬೇಕು, ಎಲ್ಲಿ ಎಡವಟ್ಟಾಗುತ್ತದೆ, ಜಗಳ ಆಗದಂತೆ ನೋಡಿಕೊಳ್ಳೋದು ಹೇಗೆ ಅಂತ ಹೇಳುತ್ತೀರಾ?

ಉತ್ತರ: ಪಟ್ಟಿ ಬಿಟ್ಟು ಇದನ್ನು ಕೇಳಿದ್ದು ಒಳ್ಳೇದೇ ಆಯ್ತು. ಗುಂಪುಗಳನ್ನು ಇಂಥ ಜಾಗಗಳಿಗೆ ಕರೆದುಕೊಂಡು ಹೋಗೋದು ನನ್ನ ಕೆಲಸ. ನಾನು ನೋಡಿದ ಮಟ್ಟಿಗೆ, ಇಡೀ ವಾಸ ಹೇಗಿರುತ್ತದೆ ಅನ್ನೋದು ತಲುಪಿದ ಮೊದಲ ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಭಾರ ಹೊತ್ತು 6 ಕಿಲೋಮೀಟರ್ ನಡೆದು ಬಂದವರು ಬ್ಯಾಗ್ ಇಳಿಸಿ, ಶೂ ಬಿಚ್ಚಿ, ಮಂಚದ ಮೇಲೆ ಕಾಲು ಚಾಚಿದರೆ ಮತ್ತೆ ಏಳೋದು ಕತ್ತಲಾದ ಮೇಲೇನೇ. ಅಷ್ಟರಲ್ಲಿ ನೀರು ಬಂದಿರುವುದಿಲ್ಲ. ಸೌದೆ ಒಳಗೆ ಬಂದಿರುವುದಿಲ್ಲ. ಟಾರ್ಚ್ ಯಾರ ಬ್ಯಾಗಿನ ತಳದಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹಸಿದ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಾಗ ಮೊದಲ ಬಿರುಸು ಮಾತು ಬರುತ್ತದೆ. ಆಮೇಲೆ ಮೂರು ದಿನ ಅದೇ ಎಳೆದಾಡುತ್ತದೆ.

ಹಾಗಾಗಿ ಮನೆ ಬಿಡುವ ಮೊದಲೇ ಮೂರು ಕೆಲಸಕ್ಕೆ ಮೂರು ಹೆಸರು ಹಚ್ಚಿ. ಬೆಂಕಿ ಒಬ್ಬರದ್ದು, ನೀರು ಒಬ್ಬರದ್ದು, ಅಡುಗೆ ಮತ್ತು ಕೈ ತೊಳೆಯುವ ವ್ಯವಸ್ಥೆ ಒಬ್ಬರದ್ದು. ಉಳಿದವರು ಇವರಲ್ಲಿ ಯಾರಾದರೂ ಒಬ್ಬರ ಕೈಕೆಳಗೆ. ಮಾರನೇ ದಿನ ಬೇಕಾದರೆ ಹೆಸರು ಬದಲಿಸಿ. ‘ಎಲ್ಲರೂ ಸೇರಿ ಮಾಡೋಣ ಬಿಡಿ’ ಅಂತ ಮಾತ್ರ ಹೊರಡಬೇಡಿ. ಅಂಥ ಗುಂಪಿನಲ್ಲಿ ಕೆಲಸವೆಲ್ಲ ಇಬ್ಬರ ತಲೆ ಮೇಲೆ ಬೀಳುತ್ತದೆ. ನಿಮ್ಮಲ್ಲಿ ಆ ಇಬ್ಬರು ಯಾರು ಅನ್ನೋದು ನಿಮಗೆ ಈಗಲೇ ಗೊತ್ತಿರುತ್ತದೆ, ಅಲ್ವಾ?

ಕ್ಯಾಬಿನ್ ನೋಡಿಕೊಳ್ಳುವವರನ್ನು ಹೊರಡುವ ಮೊದಲು ನಾಲ್ಕು ಮಾತು ಕೇಳಿ. ನೀರು ಎಷ್ಟು ದೂರ? ಈ ಕಾಲದಲ್ಲಿ ಹರಿಯುತ್ತದಾ? ಒಣ ಸೌದೆ ಅಲ್ಲೇ ಇರುತ್ತದಾ? ಇಡೀ ಮನೆ ನಮಗೇನಾ, ಬೇರೆಯವರೂ ಬರುತ್ತಾರಾ? ಈ ಕೊನೇದನ್ನು ಬಹಳ ಜನ ಕೇಳೋದೇ ಇಲ್ಲ. ಎಷ್ಟೋ ಕಡೆ ನೀವು ಬುಕ್ ಮಾಡೋದು ಮಂಚವನ್ನು, ಮನೆಯನ್ನಲ್ಲ. ಪದ್ಧತಿಯೂ ಒಂದೊಂದು ಕಡೆ ಒಂದೊಂದು ಥರ. ಫಿನ್ಲೆಂಡಿನ ತೆರೆದ ಕಾಡುಮನೆಗಳಲ್ಲಿ ಕೊನೆಗೆ ಬಂದವರಿಗೇ ಮೊದಲ ಹಕ್ಕು. ಮೊದಲೇ ಬಂದು ದಣಿವಾರಿಸಿಕೊಂಡವರು ಅವರಿಗೆ ಜಾಗ ಬಿಡಬೇಕು. ಸ್ಕಾಟ್ಲೆಂಡಿನಲ್ಲಿ ‘ಬಾತಿ’ ಅನ್ನೋ ಖಾಲಿ ಕಲ್ಲುಮನೆಗಳನ್ನು 1965ರಲ್ಲಿ ಶುರುವಾದ ಒಂದು ಸ್ವಯಂಸೇವಕರ ಸಂಘ ನೋಡಿಕೊಳ್ಳುತ್ತದೆ. ಆರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಮಾಲೀಕರನ್ನು ಕೇಳದೆ ಬರಲೇಬೇಡಿ ಅನ್ನುತ್ತದೆ ಅವರ ನಿಯಮ. ಯಾಕಂದ್ರೆ ಹತ್ತು ಜನರ ಗುಂಪು ಒಳಗೆ ಬಂದರೆ ಮಿಕ್ಕವರಿಗೆ ಅದು ಅವರ ಮನೆಯಾಗಿ ಉಳಿಯೋದಿಲ್ಲ.

ಈಗ ಆ ಮೊದಲ ಗಂಟೆಗೆ ಬರೋಣ.

ಬಾಗಿಲು ತೆಗೆದ ಕೂಡಲೇ ಎಲ್ಲರೂ ನುಗ್ಗಬೇಡಿ. ಒಬ್ಬರು ಒಳಗೆ ಹೋಗಿ ಕಿಟಕಿ, ಬಾಗಿಲು ಎಲ್ಲ ತೆರೆದು ಹೊರಗೆ ಬರಲಿ. ಅರ್ಧ ಗಂಟೆ ಗಾಳಿಯಾಡಲಿ. ಕಾರಣ ಇಲಿ. ಮುಚ್ಚಿದ ಕಾಡುಮನೆ ಅಂದ್ರೆ ಅಲ್ಲಿ ಇಲಿ ಸಂಸಾರ ಇದ್ದೇ ಇರುತ್ತದೆ. ಕೆಲವು ಜಾತಿಯ ಇಲಿಗಳ ಹಿಕ್ಕೆ, ಮೂತ್ರದಲ್ಲಿ ಹ್ಯಾಂಟಾ ವೈರಸ್ ಇರುತ್ತದೆ. ಅದು ಒಣಗಿ ಧೂಳಿನ ಜೊತೆ ಎದ್ದರೆ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಎಲ್ಲ ಕಡೆಯೂ ಇರುವ ರೋಗ ಅಲ್ಲ, ಅಪರೂಪದ್ದೇ. ಆದರೆ 2012ರಲ್ಲಿ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಉಳಿದು ಬಂದವರಲ್ಲಿ ಹತ್ತು ಜನಕ್ಕೆ ಇದು ತಗುಲಿ ಮೂವರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಇದ್ದದ್ದು ಒಂದೇ ಬಗೆಯ ಟೆಂಟ್ ಕ್ಯಾಬಿನ್‌ಗಳಲ್ಲಿ. ಅವುಗಳ ಎರಡು ಪದರದ ಗೋಡೆ ನಡುವೆ ಇಲಿಗಳು ಗೂಡು ಕಟ್ಟಿದ್ದವು.

ಹಿಕ್ಕೆ ಕಂಡರೆ ಪೊರಕೆ ಮುಟ್ಟಬೇಡಿ. ಗುಡಿಸಿದರೆ ಧೂಳು ಏಳುತ್ತದೆ, ಆ ಧೂಳೇ ಅಪಾಯ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಮೇಲೆ ಚೆನ್ನಾಗಿ ಹಾಕಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಗ್ಲೌಸ್ ಹಾಕಿಕೊಂಡು ಕಾಗದದಲ್ಲಿ ಒರೆಸಿ, ಆ ಕಾಗದವನ್ನು ಚೀಲಕ್ಕೆ ಹಾಕಿ ಕಟ್ಟಿ. ಒಂದು ಚಿಕ್ಕ ಬಾಟಲಿ ಬ್ಲೀಚ್, ಒಂದು ಜೊತೆ ಗ್ಲೌಸ್. ನಿಮಗೆ ಸಿಕ್ಕ ಪಟ್ಟಿಗಳಲ್ಲಿ ಇವೆರಡು ಇರಲಿಕ್ಕಿಲ್ಲ, ಸೇರಿಸಿಕೊಳ್ಳಿ.

ಒಳಗೆ ಗಾಳಿಯಾಡುತ್ತಿರುವಾಗ ಹೊರಗೆ ಕೆಲಸ ಶುರುವಾಗಲಿ. ನೀರಿನವರು ಕ್ಯಾನ್ ಹಿಡಿದು ಹೊರಡಲಿ. ಬೆಂಕಿಯವರು ಸೌದೆ ನೋಡಲಿ.

ಸೌದೆ ಒಣಗಿದೆಯಾ ಅಂತ ತಿಳಿಯೋಕೆ ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾದರೆ ದೊಪ್ ಅನ್ನುತ್ತದೆ. ಒಣಗಿದ ತುಂಡಿನ ತುದಿಯಲ್ಲಿ ಬಿರುಕು ಕಾಣುತ್ತದೆ. ಹಸಿ ಸೌದೆ ಉರಿದರೆ ಬರೀ ಹೊಗೆ ಅಂತ ಜನ ಅಂದುಕೊಳ್ಳುತ್ತಾರೆ. ಅಷ್ಟೇ ಆದರೆ ಕಣ್ಣೀರು ಹಾಕಿ ಸುಮ್ನಿರಬಹುದಿತ್ತು. ಆ ಹೊಗೆ ತಣ್ಣನೆಯ ಚಿಮಣಿ ಒಳಗೆ ಟಾರಿನಂಥ ಜಿಗುಟಾಗಿ ಅಂಟಿ ಕೂರುತ್ತದೆ. ಮುಂದೊಂದು ದಿನ ಉರಿ ಜೋರಾದಾಗ ಚಿಮಣಿ ಒಳಗೇ ಬೆಂಕಿ ಹೊತ್ತಿಕೊಳ್ಳುತ್ತದೆ. ಮರದ ಮನೆಯಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಮೊದಲ ಸಲ ಹಚ್ಚಿದಾಗ ಹೊಗೆ ಮೇಲೆ ಹೋಗದೆ ವಾಪಸ್ ಕೋಣೆಗೇ ಬರೋದು ಎಲ್ಲ ಕಡೆ ನಡೆಯುತ್ತದೆ. ಒಲೆ ಕೆಟ್ಟಿದೆ ಅಂತಲ್ಲ. ಚಿಮಣಿಯೊಳಗೆ ಕೂತ ತಣ್ಣನೆ ಗಾಳಿ ಭಾರವಾಗಿ ಕೆಳಗೆ ಒತ್ತುತ್ತಿರುತ್ತದೆ. ಮೊದಲು ಚಿಮಣಿಯ ಗಾಳಿಕಂಡಿ ಪೂರ್ತಿ ತೆರೆಯಿರಿ. ಒಂದೇ ಒಂದು ಹಾಳೆ ಕಾಗದ ಸುರುಳಿ ಸುತ್ತಿ, ಹಚ್ಚಿ, ಹೊಗೆ ಹೋಗುವ ಬಾಯಿ ಹತ್ತಿರ ಹಿಡಿಯಿರಿ. ಅದರ ಬಿಸಿಗೆ ಆ ಗಾಳಿ ಮೇಲೇರುತ್ತದೆ, ಭರ್ರನೆ ಎಳೆಯುವ ಸದ್ದು ಕಿವಿಗೇ ಕೇಳುತ್ತದೆ. ಆಮೇಲೆ ಒಲೆ ಹಚ್ಚಿ. ದಪ್ಪ ಸೌದೆ ಕೆಳಗೆ, ಅದರ ಮೇಲೆ ಸೀಳಿದ ಚಕ್ಕೆ, ತುದಿಯಲ್ಲಿ ಪುರಳೆ ಇಟ್ಟು ಮೇಲಿನಿಂದ ಹಚ್ಚಿದರೆ ಹೊಗೆ ಕಡಿಮೆ. ಕೆಳಗಿನಿಂದ ಹಚ್ಚಿ ಅಭ್ಯಾಸ ಇರುವವರು ನಗುತ್ತಾರೆ. ನಗಲಿ ಬಿಡಿ.

ಇನ್ನು ಮುಂದಿನದ್ದನ್ನು ಹತ್ತೂ ಜನಕ್ಕೆ ಓದಿ ಹೇಳಿ.

ಒಲೆಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಜ್ವಾಲೆ ಜೋರಾಗಿ ಉರಿಯುವಾಗ ಅದು ಕಡಿಮೆ. ಗಾಳಿ ಸಾಲದೆ ಮಂದವಾಗಿ ಉರಿಯುವ ಕೆಂಡದಿಂದ ಜಾಸ್ತಿ. ಅಂದ್ರೆ ಅಪಾಯ ಇರೋದು ನೀವು ಮಲಗುವ ಹೊತ್ತಿಗೇ. ಬೆಳಗಿನ ತನಕ ಬೆಚ್ಚಗಿರಲಿ ಅಂತ ಯಾರೋ ಒಲೆ ತುಂಬಾ ಸೌದೆ ತುರುಕಿ, ಚಿಮಣಿಯ ಕಂಡಿ ಮುಚ್ಚಿ, ಕಿಟಕಿಯನ್ನೂ ಬಿಗಿಯಾಗಿ ಹಾಕಿಬಿಡುತ್ತಾರೆ. ಹಾಗೆ ಮಾಡಲೇಬಾರದು. ಕೆಂಡ ಕೆಂಪಗಿರುವ ತನಕ ಚಿಮಣಿಯ ಕಂಡಿ ಪೂರ್ತಿ ಮುಚ್ಚಬೇಡಿ. ಎಷ್ಟೇ ಚಳಿ ಇದ್ದರೂ ಒಂದು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಇದ್ದಿಲು ಅಥವಾ ಕೆಂಡದ ಬಾಂಡಲಿಯನ್ನು ಒಳಗೆ ತರಲೇಬೇಡಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಮುಷ್ಟಿಯಷ್ಟೇ ದೊಡ್ಡದು, ಹೊತ್ತುಕೊಂಡು ಹೋಗಿ, ಮಲಗುವ ಜಾಗದ ಹತ್ತಿರ ಇಡಿ. ಒಬ್ಬರಿಗೆ ತಲೆನೋವು ಬಂದರೆ ದಣಿವು ಇರಬಹುದು. ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಯೋಚನೆ ಮಾಡುತ್ತಾ ಕೂರಬೇಡಿ. ಮಲಗಿದವರನ್ನೂ ಎಬ್ಬಿಸಿ ಎಲ್ಲರೂ ಹೊರಗೆ ಬನ್ನಿ. ಚಳಿ ತಡೆಯೋದು ಸ್ಲೀಪಿಂಗ್ ಬ್ಯಾಗಿನ ಕೆಲಸ. ಒಲೆ ರಾತ್ರಿ ತಾನಾಗಿ ಆರಲಿ. ಬೆಳಿಗ್ಗೆ ಮೊದಲು ಎದ್ದವರು ಹಚ್ಚುತ್ತಾರೆ.

ಬೂದಿಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಲೋಹದ ಬಕೆಟ್‌ಗೆ ಹಾಕಿ, ಗೋಡೆಯಿಂದ ದೂರ, ಬರಿ ನೆಲದ ಮೇಲಿಡಿ. ಮರದ ಜಗುಲಿ ಮೇಲೆ ಬೇಡ. ಪ್ಲಾಸ್ಟಿಕ್ ಚೀಲಕ್ಕಂತೂ ಬೇಡವೇ ಬೇಡ.

ನೀರು. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂತ ಇಟ್ಟುಕೊಳ್ಳಿ. ಹತ್ತು ಜನಕ್ಕೆ 40 ಲೀಟರ್, ಅಂದ್ರೆ 40 ಕಿಲೋ ಭಾರ. ಪಾತ್ರೆ, ಕೈ ತೊಳೆಯೋಕೆ ಬೇರೆ. ಇಷ್ಟನ್ನು ಒಬ್ಬರೇ ಹೊರೋಕಾಗಲ್ಲ. ಅದಕ್ಕೇ ‘ನೀರಿನವರು’ ಅಂದ್ರೆ ಹೊರುವವರು ಅಂತಲ್ಲ, ಲೆಕ್ಕ ಇಡುವವರು ಅಂತ. ಕತ್ತಲಾಗುವ ಮೊದಲು ಎಲ್ಲ ಪಾತ್ರೆ ತುಂಬಿರಬೇಕು, ಅಷ್ಟೇ ಅವರ ಜವಾಬ್ದಾರಿ. ಮಡಚುವ 10 ಲೀಟರ್ ಚೀಲಗಳು ನಾಲ್ಕೈದು ಇದ್ದರೆ ಎಲ್ಲರೂ ಒಂದೊಂದು ಸುತ್ತು ಹೋಗಿಬರಬಹುದು.

ಶುದ್ಧ ಮಾಡೋಕೆ ಕುದಿಸೋದೇ ನಂಬಿಕೆಯ ದಾರಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. 2000 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಹೇಗೂ ಸಂಜೆ ಒಲೆ ಉರಿಯುತ್ತಿರುತ್ತದೆ, ದೊಡ್ಡ ಪಾತ್ರೆ ಇಟ್ಟುಬಿಡಿ. ಬೆಳಿಗ್ಗೆಗೆ ತಣ್ಣಗಾಗಿರುತ್ತದೆ. ಕ್ಲೋರಿನ್ ಮಾತ್ರೆಗೆ ಬಗ್ಗದ ಪರಾವಲಂಬಿಗಳಿವೆ, ಕ್ರಿಪ್ಟೋಸ್ಪೊರಿಡಿಯಂ ಅದರಲ್ಲೊಂದು. ಚಾರಣಕ್ಕೆ ಒಯ್ಯುವ ಸಾಮಾನ್ಯ ಫಿಲ್ಟರ್‌ಗಳು ಅದನ್ನು ಹಿಡಿಯುತ್ತವೆ, ಆದರೆ ವೈರಸ್ ನುಸುಳಿಹೋಗುತ್ತದೆ. ಕೂದಲಿನಂಥ ಸಣ್ಣ ಕೊಳವೆಗಳಿರುವ ಫಿಲ್ಟರ್ ಒಮ್ಮೆ ಬಳಸಿದ ಮೇಲೆ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ. ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ನಿಮ್ಮ ಚಳಿಗೆ ಅದನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗಿ. ಹಿಮ ಬಿದ್ದು ಅದನ್ನೇ ಕರಗಿಸಬೇಕಾಗಿ ಬಂದರೆ ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರು ಹಾಕಿ. ಇಲ್ಲದಿದ್ದರೆ ತಳ ಸೀದು, ನೀರಿಗೂ ಸೀದ ವಾಸನೆ ಬರುತ್ತದೆ.

ಕುದಿಸಿದ್ದು ಯಾವುದು, ಹಸಿ ನೀರು ಯಾವುದು ಅನ್ನೋ ಗೊಂದಲ ಎರಡನೇ ದಿನ ಬಂದೇ ಬರುತ್ತದೆ. ಹಸಿ ನೀರಿನ ಪಾತ್ರೆಗಳ ಹಿಡಿಗೆಲ್ಲ ಕೆಂಪು ಟೇಪ್ ಸುತ್ತಿ. ರಾತ್ರಿ ಟಾರ್ಚ್ ಬೆಳಕಲ್ಲೂ ಕಾಣುತ್ತದೆ, ಹುಡುಗನಿಗೂ ಅರ್ಥವಾಗುತ್ತದೆ. ಮಲಗುವ ಮೊದಲು ಒಂದು ಬಕೆಟ್ ತಣ್ಣೀರು ತುಂಬಿ ಬಾಗಿಲ ಬಳಿ ಇಡಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಕಿಡಿ ಸಿಡಿದರೂ ಅದೇ, ಕೈ ಸುಟ್ಟರೂ ಅದೇ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬೇಕು. ನಲ್ಲಿ ಇಲ್ಲದ ಕಡೆ ಅಷ್ಟು ನೀರು ಆ ಕ್ಷಣಕ್ಕೆ ಎಲ್ಲಿಂದ ತರುತ್ತೀರಿ?

ಕರಡಿ, ಹಾವು, ಕಳೆದುಹೋಗೋದು, ಇವಕ್ಕೆಲ್ಲ ಜನ ಹೆದರುತ್ತಾರೆ. ಗುಂಪು ವಾಸವನ್ನು ಹಾಳುಮಾಡೋದು ಸಾಮಾನ್ಯವಾಗಿ ಹೊಟ್ಟೆ. ಒಬ್ಬರಿಗೆ ವಾಂತಿ-ಭೇದಿ ಶುರುವಾದರೆ ಒಂದೇ ಕಕ್ಕಸು, ಒಂದೇ ಅಡುಗೆಮನೆ ಇರುವ ಕಡೆ ಅದು ಸುತ್ತು ಹೊಡೆಯೋಕೆ ಎಷ್ಟು ಹೊತ್ತು? ಇದಕ್ಕೆ ಹೆಚ್ಚಾಗಿ ಕಾರಣವಾಗುವ ನೊರೊವೈರಸ್ ಸ್ಯಾನಿಟೈಸರ್‌ಗೆ ಸರಿಯಾಗಿ ಬಗ್ಗೋದಿಲ್ಲ. ಸೋಪು ಮತ್ತು ನೀರೇ ಬೇಕು. ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಕಕ್ಕಸಿನಿಂದ ಮನೆಗೆ ಬರುವ ದಾರಿಯಲ್ಲೇ ಮರಕ್ಕೆ ತಲೆಕೆಳಗಾಗಿ ಕಟ್ಟಿ. ತಳಕ್ಕೂ ಒಂದು ಚಿಕ್ಕ ತೂತು ಇದ್ದರೆ ನೀರು ಸಲೀಸಾಗಿ ಇಳಿಯುತ್ತದೆ. ಹಳೇ ಕಾಲುಚೀಲದಲ್ಲಿ ಸೋಪು ಹಾಕಿ ಪಕ್ಕದಲ್ಲೇ ತೂಗುಬಿಡಿ. ಒಳಗೆ, ಸ್ಟವ್ ಹಿಂದೆ ಎಲ್ಲೋ ಸೋಪು ಇಟ್ಟರೆ ಯಾರೂ ತೊಳೆಯಲ್ಲ. ದಾರಿಗೆ ಅಡ್ಡ ಇದ್ದರೆ ತೊಳೆಯುತ್ತಾರೆ. ಇನ್ನೊಂದು, ಕುರುಕಲು ಪ್ಯಾಕೆಟ್‌ಗೆ ಹತ್ತು ಜನ ಕೈ ಹಾಕೋದು ಬೇಡ. ಪ್ಯಾಕೆಟ್ ಹಿಡಿದವರು ಅಂಗೈಗೆ ಸುರಿದುಕೊಡಲಿ. ಹೊಟ್ಟೆ ಕೆಟ್ಟವರು ವಾಸಿಯಾಗಿ ಎರಡು ದಿನ ಆಗುವ ತನಕ ಅಡುಗೆ ಕಡೆ ಸುಳಿಯಬಾರದು. ನಿಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಪೂರ್ತಿ ವಾಸ. ಸೌದೆ ಕೆಲಸ ಕೊಡಿ.

ಗುಂಡಿ ಕಕ್ಕಸಿಗೆ ಕಸ ಹಾಕಬೇಡಿ, ಸ್ಯಾನಿಟರಿ ಪ್ಯಾಡನ್ನೂ ಹಾಕಬೇಡಿ. ಗುಂಡಿ ಬೇಗ ತುಂಬುತ್ತದೆ, ಅವು ಕೊಳೆಯೋದೂ ಇಲ್ಲ. ಪ್ಯಾಡ್‌ಗೆ ಕಪ್ಪು ಚೀಲಗಳನ್ನು ಕಕ್ಕಸಿನ ಬಾಗಿಲ ಹಿಂದೆ ಮೊದಲೇ ನೇತುಹಾಕಿ. ಯಾರೂ ಯಾರನ್ನೂ ಕೇಳಬೇಕಾದ ಮುಜುಗರ ಇರಲ್ಲ.

ಅಡುಗೆ ಬಗ್ಗೆ ಜಾಸ್ತಿ ಹೇಳಲ್ಲ. ಒಂದೇ ಪಾತ್ರೆಯಲ್ಲಿ ಆಗುವಂಥದ್ದು ಮಾಡಿ. ಒಂದು ದಿನದ ಊಟ ಹೆಚ್ಚಿಗೇ ಇರಲಿ, ಹವಾಮಾನ ಕೆಟ್ಟರೆ ಹೊರಡೋಕಾಗಲ್ಲ. ಎತ್ತರದಲ್ಲಿ ಕಾಳುಗಳನ್ನು ನಂಬಬೇಡಿ. 3000 ಮೀಟರ್‌ನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕಾಳು ಬೇಯೋದೇ ಇಲ್ಲ ಅನ್ನಿಸಿಬಿಡುತ್ತದೆ. ಗ್ಯಾಸ್ ಡಬ್ಬಿ ಒಯ್ಯುವುದಾದರೆ ಬರೀ ಬ್ಯೂಟೇನ್ ಇರೋದು ಬೇಡ. ಸೊನ್ನೆ ಡಿಗ್ರಿ ಹತ್ತಿರ ಅದು ಆವಿಯಾಗುವುದೇ ಇಲ್ಲ, ಡಬ್ಬಿ ತುಂಬಿದ್ದರೂ ಸ್ಟವ್ ಉರಿಯಲ್ಲ. ಐಸೊಬ್ಯೂಟೇನ್, ಪ್ರೊಪೇನ್ ಬೆರೆಸಿದ್ದು ತಗೊಳ್ಳಿ. ತಿಂಡಿ ತಿನಿಸೆಲ್ಲ ರಾತ್ರಿ ಗಟ್ಟಿ ಡಬ್ಬಿಯೊಳಗೆ. ಬ್ಯಾಗಿನಲ್ಲಿ ಒಂದು ಚಾಕೊಲೇಟ್ ಉಳಿದರೂ ಇಲಿ ಬ್ಯಾಗನ್ನೇ ಕಡಿದು ಒಳಗೆ ಹೋಗುತ್ತದೆ.

ಮಲಗುವ ವಿಷಯದಲ್ಲೇ ಸಣ್ಣ ಸಣ್ಣ ಸಿಟ್ಟು ಹುಟ್ಟೋದು. ಮೇಲಿನ ಮಂಚದಲ್ಲಿ ಮೊದಲು ಸೆಕೆ ಅನ್ನಿಸುವಷ್ಟು ಬಿಸಿ, ಕೆಳಗೆ ನಡುರಾತ್ರಿ ನೆಲದ ಚಳಿ. ಚಳಿ ತಡೆಯದವರನ್ನು ಮೇಲೆ ಹಾಕಿ. ರಾತ್ರಿ ಎದ್ದು ಹೊರಗೆ ಹೋಗುವವರು ಕೆಳಗೆ, ಬಾಗಿಲ ಹತ್ತಿರ. ಗೊರಕೆಯವರಿಗೆ ಒಂದು ಮೂಲೆ, ಉಳಿದವರಿಗೆಲ್ಲ ಇಯರ್‌ಪ್ಲಗ್. ಯಾರು ಗೊರಕೆ ಅನ್ನೋದನ್ನು ಮೊದಲೇ ನಗುತ್ತಾ ಕೇಳಿಬಿಡಿ, ರಾತ್ರಿ ಎರಡು ಗಂಟೆಗೆ ಆ ನಗು ಇರಲ್ಲ. ಬೇಗ ಏಳುವವರು ತಮ್ಮ ಸಾಮಾನು ರಾತ್ರಿಯೇ ಜೋಡಿಸಿ ಹೊರಗಿನ ಕೋಣೆಯಲ್ಲಿಡಲಿ. ಹತ್ತು ಜನ ಮಲಗಿರುವಲ್ಲಿ ಬೆಳಗಿನ ಜಾವ ಒಬ್ಬರು ಪ್ಲಾಸ್ಟಿಕ್ ಕವರ್ ಬಿಚ್ಚುತ್ತಾ ಕೂತರೆ ಆ ಸದ್ದು ಗೊರಕೆಗಿಂತ ಕೆಟ್ಟದ್ದು. ಒದ್ದೆ ಶೂಗಳನ್ನು ಒಲೆಗೆ ಒತ್ತಿ ಇಡಬೇಡಿ, ಅಂಟು ಕರಗಿ ಅಟ್ಟೆ ಬಿಟ್ಟುಕೊಳ್ಳುತ್ತದೆ. ಬಾಗಿಲಿಗೆ ಅಡ್ಡ ಬ್ಯಾಗ್ ರಾಶಿ ಹಾಕಬೇಡಿ. ಬಾಗಿಲ ಕಡೆ ಬೆಂಕಿ ಹತ್ತಿದರೆ ಯಾವ ಕಿಟಕಿಯಿಂದ ಹೊರಬೀಳೋದು ಅಂತ ಮೊದಲ ಸಂಜೆಯೇ ತೆರೆದು ನೋಡಿ. ಮೇಣದಬತ್ತಿ ಚೆಂದ, ಆದರೆ ಬೇಡ. ಹೆಡ್‌ಲ್ಯಾಂಪ್ ಸಾಕು.

ಸ್ಪೀಕರ್ ತರಬೇಕಾ, ಕುಡಿಯೋದು ಇದೆಯಾ, ದೀಪ ಎಷ್ಟಕ್ಕೆ ಆರಿಸೋದು, ಈ ಮೂರನ್ನು ಹೊರಡುವ ಮೊದಲೇ ಮಾತಾಡಿ ಮುಗಿಸಿ. ಅಲ್ಲಿ ಹೋಗಿ ಮಾತಾಡಿದರೆ ಗಟ್ಟಿ ಗಂಟಲಿನವರದ್ದೇ ನಡೆಯುತ್ತದೆ. ಕುಡಿದವರು ಕೊಡಲಿ ಮುಟ್ಟಬಾರದು, ಒಲೆ ಜವಾಬ್ದಾರಿಯೂ ಅವರಿಗೆ ಬೇಡ. ಇದರಲ್ಲಿ ರಾಜಿ ಬೇಡ.

ಹುಡುಗನಿಗೆ ನಿಜವಾದ ಒಂದು ಕೆಲಸ ಕೊಡಿ. ಪುರಳೆ ಆರಿಸಿ ತರುವುದು ಅವನದ್ದೇ ಆಗಲಿ. ಒಲೆ ಸುತ್ತ ಒಂದು ಮೀಟರ್ ದೂರಕ್ಕೆ ನೆಲದ ಮೇಲೆ ಹಗ್ಗ ಹಾಸಿ, ದಾಟಬಾರದು ಅಂತ ಹೇಳಿ. ಕೊರಳಿಗೆ ಸೀಟಿ ಹಾಕಿ. ದಾರಿ ತಪ್ಪಿದರೆ ಹುಡುಕಿಕೊಂಡು ಓಡಾಡಬಾರದು, ಹತ್ತಿರದ ಮರದ ಬಳಿಯೇ ನಿಂತು ಊದುತ್ತಿರಬೇಕು ಅಂತ ಕಲಿಸಿ. ಒಮ್ಮೆ ಆಟದ ಥರ ಮಾಡಿಸಿಯೂ ನೋಡಿ. ರಾತ್ರಿ ಕಕ್ಕಸಿಗೆ ಅವನ ಜೊತೆ ಯಾರು ಹೋಗೋದು ಅನ್ನೋದೂ ಮೊದಲೇ ಗೊತ್ತಿರಲಿ.

ಸಿಗ್ನಲ್ ಇಲ್ಲ ಅಂದಿರಿ. ಊರಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗಿ: ಯಾವ ದಾರಿ, ಎಷ್ಟು ಜನ, ವಾಪಸ್ ಯಾವಾಗ, ಯಾವ ಗಂಟೆ ತನಕ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ಆ ಗಂಟೆ ಖಚಿತವಾಗಿರಲಿ. ‘ಸಂಜೆ ಒಳಗೆ’ ಅಂದರೆ ಅವರು ಮಾರನೇ ದಿನ ಬೆಳಿಗ್ಗೆ ತನಕ ಸುಮ್ನಿರುತ್ತಾರೆ. ಕ್ಯಾಬಿನ್‌ನಲ್ಲಿ ಬಂದವರು ಹೆಸರು ಬರೆಯುವ ಪುಸ್ತಕ ಇದ್ದರೆ ಬಂದ ದಿನವೇ ಬರೆಯಿರಿ. ನ್ಯೂಜಿಲೆಂಡಿನಲ್ಲಿ ಸರ್ಕಾರ ನೋಡಿಕೊಳ್ಳುವ ಇಂಥ ಮನೆಗಳು 900ಕ್ಕಿಂತ ಜಾಸ್ತಿ ಇವೆ. ಉಳಿಯದೆ ಹಾದುಹೋಗುವವರೂ ಅಲ್ಲಿನ ಪುಸ್ತಕದಲ್ಲಿ ಹೆಸರು, ಮುಂದಿನ ದಾರಿ ಬರೆಯಬೇಕು ಅನ್ನುತ್ತಾರೆ. ಯಾರಾದರೂ ಕಾಣೆಯಾದಾಗ ಹುಡುಕುವವರು ಮೊದಲು ತೆರೆಯೋದು ಅದನ್ನೇ.

ಹೊರಡುವ ದಿನಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಒಲೆ ಹಚ್ಚದೆ ಗ್ಯಾಸ್ ಸ್ಟವ್‌ನಲ್ಲೇ ಮುಗಿಸಿದರೆ ಹೊರಡುವಾಗ ಕೆಂಡದ ಚಿಂತೆ ಇರಲ್ಲ. ಉಳಿದ ತಿನಿಸು ‘ಮುಂದೆ ಬರುವವರಿಗೆ ಆಗುತ್ತೆ’ ಅಂತ ಬಿಟ್ಟು ಬರಬೇಡಿ, ಅದನ್ನು ತಿನ್ನೋದು ಇಲಿ. ನೀರಿನ ಪಾತ್ರೆ ಖಾಲಿ ಮಾಡಿ ಬೋರಲು ಹಾಕಿ. ಹೆಪ್ಪುಗಟ್ಟಿದರೆ ಕ್ಯಾನ್ ಒಡೆಯುತ್ತದೆ. ಸುಟ್ಟಷ್ಟು ಸೌದೆಯನ್ನು ಶೆಡ್ಡಿನಿಂದ ತಂದು ಒಲೆ ಪಕ್ಕ ಜೋಡಿಸಿ, ಮೇಲೊಂದು ಹಿಡಿ ಒಣ ಪುರಳೆ ಇಡಿ. ಮುಂದೆ ಬರುವವರು ಮಳೆಯಲ್ಲಿ ನೆಂದು, ಕೈ ಮರಗಟ್ಟಿ ಬಂದಿರಬಹುದು. ಕಿಟಕಿಗಳ ಚಿಲಕವನ್ನು ಒಬ್ಬರು ಹಾಕಲಿ, ಇನ್ನೊಬ್ಬರು ಎಳೆದು ನೋಡಲಿ.